ಗಿರಿಜಾಳ ಹೆಸರಿಗೆ ಬಂದ ಮೆಸೇಜು

ಆ ಮೆಸೇಜು ಗಿರಿಜಾಳಿಗೆ ಬಂದಿತ್ತು. ಓದಿದವಳು ನಾನು. ‘ಏನಲೇ ಅದು?’ ಎಂದು ಅವಳು ಕೇಳಿದಾಗ ‘ಏನಿಲ್ಲ, ಕಂಪನೀದು’ ಎಂದವಳೂ ನಾನೇ. ಇಷ್ಟೇ ನಾನು ಮಾಡಿದ್ದು — ‘ಇಷ್ಟೇ’ ಎಂದು ಬರೆದ ಕೂಡಲೆ ಅದನ್ನು ಹೊಡೆದುಹಾಕಬೇಕೆನಿಸುತ್ತದೆ. ಹನ್ನೆರಡು ವರ್ಷ ನಾನು ಅಡಗಿ ಕೂತದ್ದು ಆ ‘ಇಷ್ಟೇ’ಯ ಹಿಂದೆಯೇ.

ಮೊದಲೇ ಹೇಳಿಬಿಡುತ್ತೇನೆ. ಕ್ಷಮಿಸಿ ಎನ್ನಲು ಇದನ್ನು ಬರೆಯುತ್ತಿಲ್ಲ. ಆಗ ನನಗಿನ್ನೂ ಹದಿನೆಂಟು, ತಿಳಿವಳಿಕೆ ಇರಲಿಲ್ಲ ಎಂದೂ ಹೇಳುವುದಿಲ್ಲ. ಗಿರಿಜಾಳಿಗೂ ಹದಿನೆಂಟೇ ಆಗಿತ್ತು, ಅವಳಿಗೆ ತಿಳಿವಳಿಕೆ ಇತ್ತು. ಇದನ್ನು ಬರೆಯಬೇಡ ಎಂದು ನಮ್ಮ ಮನೆಯಲ್ಲಿ ಹೇಳಿದ್ದಾರೆ. ಬೇಡ ಎಂದದ್ದಕ್ಕೇ ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ.

ಗಿರಿಜಾ ನನ್ನ ದೊಡ್ಡಪ್ಪನ ಮಗಳು. ಹಾನಗಲ್ ತಾಲ್ಲೂಕಿನಲ್ಲಿ, ಅಕ್ಕಿಆಲೂರಿನಿಂದ ಬಸ್ಸಿಗೆ ಸ್ವಲ್ಪವೇ ದೂರದ ಹಳ್ಳಿ ಅವರದು. ಅಜ್ಜನ ಹೊಲವನ್ನು ದೊಡ್ಡಪ್ಪ ಮಾಡುತ್ತಿದ್ದರು. ನಮ್ಮಪ್ಪ ಅಕ್ಕಿಆಲೂರಿನಲ್ಲಿ ಜವಳಿ ಅಂಗಡಿ ಇಟ್ಟಿದ್ದರು. ಪಹಣಿಯಲ್ಲಿ ಅಣ್ಣತಮ್ಮ ಇಬ್ಬರ ಹೆಸರೂ ಇದ್ದವು. ಹಾಗಾಗಿ ಸರಕಾರದ ಲೆಕ್ಕದಲ್ಲಿ ಗಿರಿಜಾ ರೈತನ ಮಗಳು, ನಾನೂ ರೈತನ ಮಗಳು.

ಪಿಯುಸಿಯಲ್ಲಿ ಒಂದೇ ಬೆಂಚು. ಇಬ್ಬರಿಗೂ ಬೇಕಾಗಿದ್ದು ಕೃಷಿ ಇಂಜಿನಿಯರಿಂಗ್. ನನಗೆ ಯಾಕೆ ಬೇಕಿತ್ತೆಂದರೆ, ನನ್ನ ಅಂಕಕ್ಕೆ ಬೇರೆ ಯಾವ ಇಂಜಿನಿಯರಿಂಗೂ ಸರಕಾರಿ ಸೀಟಿನಲ್ಲಿ ಸಿಗುವಂತಿರಲಿಲ್ಲ. ಹೆಸರಿನ ಮುಂದೆ ಇಂಜಿನಿಯರ್ ಎಂದು ಬಂದರೆ ಸಾಕಿತ್ತು. ಗಿರಿಜಾಳಿಗೆ ಯಾಕೆ ಬೇಕಿತ್ತೆಂದರೆ — ಅದಕ್ಕೆ ಒಂದು ಕೂರಿಗೆಯ ಕಥೆ ಇದೆ.

ನಮ್ಮ ಕಡೆ ಭತ್ತವನ್ನು ಸಸಿ ಮಾಡಿ ನಾಟಿ ಹಚ್ಚುವುದಕ್ಕಿಂತ ಒಣ ಹೊಲದಲ್ಲಿ ಕೂರಿಗೆಯಿಂದ ಬಿತ್ತುವುದೇ ಹೆಚ್ಚು. ಎತ್ತುಗಳು ಎಳೆಯುತ್ತಿರುತ್ತವೆ, ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಬೀಜ ಬಿಡುತ್ತ ಒಬ್ಬರು ಹಿಂದೆ ನಡೆಯಬೇಕು. ದೊಡ್ಡಪ್ಪನ ಹೊಲದಲ್ಲಿ ಆ ಒಬ್ಬರು ಗಿರಿಜಾ. ಬಟ್ಟಲಿನಿಂದ ಬೀಜ ಕೊಳವೆಗಳ ಮೂಲಕ ನೆಲಕ್ಕಿಳಿಯುತ್ತದೆ. ನಡುವೆ ಮಳೆ ಬಿದ್ದು ಹಸಿ ಮಣ್ಣು ಹೊಕ್ಕು ಒಂದು ಕೊಳವೆ ಕಟ್ಟಿಕೊಂಡಿತೆನ್ನಿ, ಆ ಸಾಲಿಗೆ ಬೀಜವೇ ಬೀಳುವುದಿಲ್ಲ. ಬಿತ್ತುವಾಗ ಅದು ಗೊತ್ತೂ ಆಗುವುದಿಲ್ಲ. ಮೊಳಕೆ ಬಂದ ಮೇಲೆ ಹಸಿರಿನ ನಡುವೆ ಒಂದು ಸಾಲು ಬೋಳಾಗಿ ಕಾಣುತ್ತದೆ. ಹಾಗಾದಾಗಲೆಲ್ಲ ಬೈಗುಳ ಗಿರಿಜಾಳಿಗೆ.

‘ಕೊಳವಿ ಕಟ್ಟಿದ ಕೂಡಲೆ ಒದರೋ ಅಂಥಾ ಕೂರಿಗಿ ಮಾಡತೇನಿ ನೋಡಲೇ ಶೋಭಿ,’ ಎನ್ನುತ್ತಿದ್ದಳು. ‘ನಮ್ಮಪ್ಪ ಒದರತಾನಲ್ಲ, ಹಂಗ ಒದರಬೇಕ ಅದು.’

‘ಇಂಜಿನಿಯರ್ ಆದಮ್ಯಾಗ ಮೊದಲ ನಿನ್ನ ಬಾಯಿಗೊಂದು ಬಿರಡಿ ಮಾಡ್ಕೊ,’ ಎಂದು ದೊಡ್ಡಪ್ಪ ಕಟ್ಟೆಯ ಮೇಲಿಂದಲೇ ಉತ್ತರ ಕೊಡುತ್ತಿದ್ದರು.

ಆ ಕೋರ್ಸಿಗೆ ಸೀಟು ತೀರ ಕಡಿಮೆ. ಅದರಲ್ಲಿ ಒಂದಿಷ್ಟನ್ನು ರೈತರ ಮಕ್ಕಳಿಗೆಂದು ತೆಗೆದಿಡುತ್ತಾರೆ. ಅದಕ್ಕೆ ಸಿಇಟಿಯ ಅಂಕದ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಮೇಜಿನ ಮೇಲೆ ತಟ್ಟೆಗಳಲ್ಲಿ ಬೀಜ, ಗೊಬ್ಬರ, ಬೇರುಸಹಿತ ಕಿತ್ತು ತಂದ ಸಸಿ, ಬೇಸಾಯದ ಸಾಮಾನು ಇಟ್ಟಿರುತ್ತಾರೆ. ಗುರುತು ಹಿಡಿಯಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಸಿಇಟಿಯಲ್ಲಿ ನಾನು ಗಿರಿಜಾಳಿಗಿಂತ ಸ್ವಲ್ಪ ಮುಂದಿದ್ದೆ. ಪ್ರಾಯೋಗಿಕದಲ್ಲಿ ಅವಳು ನನ್ನನ್ನು ಬಹಳ ಹಿಂದೆ ಹಾಕುವವಳಿದ್ದಳು. ಅದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ನನಗೆ ಕಲಿಸಿದಳು.

ಆ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಅವರ ಮನೆಗೆ ಹೋಗುತ್ತಿದ್ದೆ. ಬಟ್ಟಲುಗಳಲ್ಲಿ ಕಾಳು ಹಾಕಿ ಇಡುತ್ತಿದ್ದಳು. ನಾನು ತಪ್ಪು ಹೇಳಿದರೆ ದೊಡ್ಡಪ್ಪನಿಗೆ ಖುಷಿಯೋ ಖುಷಿ. ‘ಶೋಭವ್ವಾ, ಸೀರಿ ಕೊಟ್ರ ಅಂಚ ನೋಡೇ ಊರ ಹೇಳತಿ. ಸಾವಿ ಕಾಳ ಕೊಟ್ರ ಯಾಕ ನಮ್ಮ ಮಾರಿ ನೋಡತಿ?’ ಎನ್ನುವರು. ಎಂದೂ ಚುಚ್ಚಿ ಆಡಿದ ಮಾತಲ್ಲ ಅದು. ಆದರೂ ನನ್ನೊಳಗೆ — ಆಗಲೇ — ಏನೋ ಒಂದು ಗಟ್ಟಿಯಾಗುತ್ತಿತ್ತು. ಅದನ್ನು ಹೊಟ್ಟೆಕಿಚ್ಚು ಎಂದು ಕರೆಯಲು ಇಷ್ಟು ವರ್ಷ ಬೇಕಾಯಿತು.

ಇನ್ನು ಫೋನಿನ ವಿಷಯ. ಅರ್ಜಿ ಹಾಕಿದ ದಿನ ಗಿರಿಜಾಳ ಅರ್ಜಿಗೂ ನನ್ನ ನಂಬರನ್ನೇ ಕೊಟ್ಟಿದ್ದೆವು. ಅವರ ಮನೆಗಿದ್ದದ್ದು ದೊಡ್ಡಪ್ಪನ ಒಂದೇ ಫೋನು, ಅದು ಅವರ ಜೊತೆ ಹೊಲದಲ್ಲಿರುತ್ತಿತ್ತು, ಹೊಲದಲ್ಲಿ ಸಿಗ್ನಲ್ ಇರುತ್ತಿರಲಿಲ್ಲ. ನಮ್ಮ ಕಡೆ ಇದು ದೊಡ್ಡ ವಿಷಯವೇ ಅಲ್ಲ. ಒಬ್ಬರ ಗ್ಯಾಸ್ ಸಿಲಿಂಡರಿನ ಮೆಸೇಜು ಇನ್ನೊಬ್ಬರ ಫೋನಿಗೆ ಬರುತ್ತದೆ, ಅವರು ಬಾಗಿಲಲ್ಲಿ ನಿಂತು ಕೂಗಿ ಹೇಳುತ್ತಾರೆ. ಕೂಗಿ ಹೇಳುತ್ತಾರೆ ಎಂಬ ನಂಬಿಕೆಯ ಮೇಲೆಯೇ ನಂಬರು ಕೊಡುವುದು.

ಅರ್ಜಿಗೆ ತಂದೆ ಬೇಸಾಯಗಾರ ಎಂಬ ಸರ್ಟಿಫಿಕೇಟು ಬೇಕಿತ್ತು. ದೊಡ್ಡಪ್ಪ ತಮ್ಮದನ್ನು ಕಚೇರಿಯಿಂದ ತರುವಾಗ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಂದಿದ್ದರು. ಅದೇ ಕಿಸೆಯಲ್ಲಿ ಅವರ ಎಲೆಯಡಿಕೆ ಸಂಚಿ. ಸುಣ್ಣ, ಎಲೆಯ ನೀರು ಎಲ್ಲ ಸೇರಿ ಅಧಿಕಾರಿಯ ಶಿಕ್ಕಾ, ಅಂದರೆ ಮೊಹರು, ಬಿದ್ದ ಜಾಗದಲ್ಲೇ ಒಂದು ಕಲೆ ಆಗಿತ್ತು. ಅಕ್ಕಿಆಲೂರಿನ ಕಂಪ್ಯೂಟರ್ ಅಂಗಡಿಯವನು ಅದನ್ನು ಎತ್ತಿ ಹಿಡಿದು ನೋಡಿ, ‘ಮಸಕ ಐತಿ. ನಡೀತೈತಿ ಬಿಡ್ರಿ,’ ಎಂದು ಹಾಗೆಯೇ ಕಳಿಸಿದ. ನಮ್ಮಪ್ಪನ ಸರ್ಟಿಫಿಕೇಟು ಸ್ವಚ್ಛವಾಗಿತ್ತು. ದಿನವಿಡೀ ಗದ್ದಿಗೆಯ ಮೇಲೆ ಕೂತು ಬಟ್ಟೆ ಹರಿಯುವವರ ಮುಖ್ಯ ಕಸುಬು ಬೇಸಾಯ ಎಂದು ಅದರಲ್ಲಿ ಬರೆದಿತ್ತು. ಅಪ್ಪನದು ಒಂದು ಕಲೆಯೂ ಇಲ್ಲದ ಸುಳ್ಳು, ದೊಡ್ಡಪ್ಪನದು ಕಲೆ ಬಿದ್ದ ನಿಜ.

ಮೆಸೇಜು ಬಂದದ್ದು ಮಧ್ಯಾಹ್ನ, ಅವರ ಹಿತ್ತಲಿನಲ್ಲಿ. ಗಿರಿಜಾ ಒಂದು ಮೂಲೆಯಲ್ಲಿ ನೀರು ಹಾಕಿ ಭತ್ತ ಮೊಳೆಸಿದ್ದಳು, ಪಕ್ಕದಲ್ಲೇ ಭತ್ತದಂತೆ ಕಾಣುವ ಕಳೆ ಹುಲ್ಲನ್ನೂ ಬೆಳೆಸಿದ್ದಳು. ಎರಡನ್ನೂ ಬೇರುಸಹಿತ ಕಿತ್ತು ಒಂದೊಂದು ಕೈಯಲ್ಲಿ ಹಿಡಿದು, ‘ಯಾವದು ಭತ್ತ?’ ಎಂದು ಕೇಳಿದಳು. ನನಗೆ ತಿಳಿಯಲಿಲ್ಲ. ಎಲೆ ದಂಟಿಗೆ ಕೂಡುವ ಕಡೆ ಉಗುರಿನಿಂದ ಮೆಲ್ಲಗೆ ಹಿಂದಕ್ಕೆ ಬಗ್ಗಿಸಿ ತೋರಿಸಿದಳು — ಭತ್ತಕ್ಕೆ ಅಲ್ಲಿ ಬಿಳಿ ನಾಲಿಗೆಯಂಥ ತೆಳು ಪೊರೆ ಇರುತ್ತದೆ, ಹುಲ್ಲಿಗೆ ಇರುವುದಿಲ್ಲ. ಆಗ ಫೋನು ಸದ್ದು ಮಾಡಿತು.

ಅವಳ ಹೆಸರಿತ್ತು. ಸರ್ಟಿಫಿಕೇಟಿನ ಮೊಹರು ಓದಲು ಬರುತ್ತಿಲ್ಲ, ಒಂದು ವಾರದೊಳಗೆ ಸ್ಪಷ್ಟ ಪ್ರತಿ ಕಳಿಸಬೇಕು, ಇಲ್ಲದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಅವಕಾಶವಿಲ್ಲ — ಇದಿಷ್ಟು. ನಾನು ಪೂರ್ತಿ ಓದಿದೆ. ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

‘ಏನಲೇ ಅದು?’

‘ಏನಿಲ್ಲ, ಕಂಪನೀದು.’

‘ದಿನಾ ರಿಚಾರ್ಜ್ ಮಾಡು, ರಿಚಾರ್ಜ್ ಮಾಡು — ಅವ್ರಿಗೇನ ಬ್ಯಾರೆ ಕೆಲಸಿಲ್ಲ,’ ಎಂದು ನಕ್ಕಳು. ಮತ್ತೆ ಸಸಿ ಎತ್ತಿ ಹಿಡಿದಳು. ‘ಈಗ ನೀ ಬಗ್ಗಿಸಿ ನೋಡು.’

ನಾನು ಬಗ್ಗಿಸಿ ನೋಡಿದೆ. ಸರಿಯಾಗಿ ಹೇಳಿದೆ.

ಒಂದು ಕ್ಷಣದಲ್ಲಿ ಆದದ್ದು ಎಂದರೆ ನೀವು ನಂಬಬಹುದು. ಆದರೆ ವಾರ ಎಂದರೆ ಒಂದು ಕ್ಷಣವಲ್ಲ. ದಿನಾ ಬೆಳಗ್ಗೆ ಎದ್ದು ಆ ಮೆಸೇಜು ನೋಡುತ್ತಿದ್ದೆ. ಇವತ್ತು ಹೇಳಿದರೂ ಆಗುತ್ತದೆ ಎಂದು ದಿನಾ ಅನಿಸುತ್ತಿತ್ತು. ನಡುವೆ ಅವಳ ಮನೆಗೂ ಹೋಗಿ ಬಂದೆ, ಅವಳು ಗೊಬ್ಬರಗಳನ್ನು ಕಲಿಸಿದಳು. ಗಡುವು ಮುಗಿದ ಮರುದಿನ ಮೆಸೇಜನ್ನು ಅಳಿಸಿದೆ. ಹೀಗೆ ಪ್ರತಿದಿನ ಹೊಸದಾಗಿ ಮಾಡಿದ ತಪ್ಪು ಇದು.

ನನಗೆ ಪರೀಕ್ಷೆಯ ಪ್ರವೇಶಪತ್ರ ಬಂತು, ಅವಳಿಗೆ ಬರಲಿಲ್ಲ. ಇಬ್ಬರೂ ಕಂಪ್ಯೂಟರ್ ಅಂಗಡಿಗೆ ಹೋದೆವು. ಅವನು ತೆಗೆದು ನೋಡಿ, ‘ಸರ್ಟಿಫಿಕೇಟ ರಿಜೆಕ್ಟ್ ಆಗೇತಿ. ತಿದ್ದಿ ಕಳಸೋ ತಾರೀಖೂ ಮುಗದೈತಿ,’ ಎಂದ. ಆಮೇಲೆ ತಿರುಗಿ, ‘ಮೆಸೇಜ ಬಂದಿರಬೇಕಲ್ಲವಾ ತಂಗಿ?’

ಗಿರಿಜಾ ನನ್ನ ಕಡೆ ನೋಡಿದಳು. ಅನುಮಾನದಿಂದ ನೋಡಿದ್ದರೆ ಬಹುಶಃ ಬಾಯಿ ಬಿಡುತ್ತಿದ್ದೆನೇನೋ — ಇಲ್ಲ, ಇದನ್ನೂ ಹೊಡೆದುಹಾಕುತ್ತೇನೆ, ಬಿಡುತ್ತಿರಲಿಲ್ಲ. ಅವಳು ನಂಬಿಕೆಯಿಂದಲೇ ನೋಡಿದಳು.

‘ಬಂದಿಲ್ರಿ,’ ಎಂದೆ. ದನಿ ನಡುಗಲೂ ಇಲ್ಲ.

ಅವತ್ತು ಸಂಜೆ ಅವರ ಮನೆಯಲ್ಲಿ ನಾನಿದ್ದೆ. ಆದದ್ದನ್ನು ಕೇಳಿ ದೊಡ್ಡಪ್ಪ ಬಹಳ ಹೊತ್ತು ಅಂಗಿಯ ಕಿಸೆ ಮುಟ್ಟಿ ನೋಡಿಕೊಳ್ಳುತ್ತ ನಿಂತರು. ‘ಮುಂದಿನ ವರ್ಷ ಮತ್ತೊಮ್ಮಿ ಹಾಕೂಣವಾ,’ ಎಂದರು. ಗಿರಿಜಾ ಅಂದಳು: ‘ನಿನ್ನ ಕಿಸೆ ನಂಬಿ ಇನ್ನೊಂದ ವರ್ಷ ಕಳಿಯಂಗಿಲ್ಲ ನಾ.’ ದೊಡ್ಡಪ್ಪ ಕಿಸೆಗೆ ಕೈ ಹಾಕಿದರು. ಸಂಚಿ ತೆಗೆದರು, ಬಚ್ಚಲ ಒಲೆಗೆ ಹಾಕಿದರು. ಅಡಿಕೆ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಆಮೇಲೆ ಅವರು ಎಲೆ ಹಾಕಲಿಲ್ಲ. ಗಿರಿಜಾ ಒಂದು ವರ್ಷ ಅವರ ಜೊತೆ ಮಾತಾಡಲಿಲ್ಲ.

ಪರೀಕ್ಷೆಯಲ್ಲಿ ನನ್ನ ಮುಂದೆ ಎರಡು ಸಸಿ ಇಟ್ಟರು. ಉಗುರಿನಿಂದ ಎಲೆ ಬಗ್ಗಿಸಿ ನೋಡಿ ಭತ್ತ ಯಾವುದೆಂದು ಹೇಳಿದೆ. ‘ಶಭಾಷ್, ಹೊಲದಾಗ ದುಡದಾಕಿ ನೋಡ್ರಿ,’ ಎಂದರು ಮೇಜಿನಾಚೆ ಕೂತವರು. ಸೀಟು ಸಿಕ್ಕಿತು. ಗಿರಿಜಾ ಬಂದಿದ್ದರೂ ನನಗೆ ಸಿಗುತ್ತಿತ್ತೋ, ಇಬ್ಬರಿಗೂ ಸಿಗುತ್ತಿತ್ತೋ — ಅದು ಯಾರಿಗೂ ಗೊತ್ತಾಗದ ಹಾಗೆ ನಾನು ಮಾಡಿದ್ದೇನೆ. ಆಗಿದ್ದನ್ನು ಮಾತ್ರ ಹೇಳಬಲ್ಲೆ, ಆಗದೇ ಹೋದದ್ದನ್ನಲ್ಲ.

ಹಾಸ್ಟೆಲಿಗೆ ಹೊರಡುವ ಮುಂಚೆ ಅವ್ವನಿಗೆ ಹೇಳಿದ್ದೆ. ಅವ್ವ ನನ್ನ ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ‘ಈಗ ಹೇಳಿದ್ರ ಅಕಿಗೇನ ಸಿಗತೈತಿ? ನಿಂದೂ ಹೋಗತೈತಿ. ಅಣ್ಣತಮ್ಮರು ಕೂಡಿ ಉಣ್ಣೋದೂ ಬಂದ್ ಆಗತೈತಿ. ಬಾಯಿ ಮುಚ್ಚಕೊಂಡ ಹೋಗು.’ ಹೋದೆ. ಅವ್ವ ಹೇಳಿದ್ದಕ್ಕೆ ಸುಮ್ಮನಿದ್ದೆ ಎಂದು ಇದನ್ನು ಬರೆಯುತ್ತಿಲ್ಲ. ಹಾಗೆ ಹೇಳುತ್ತಾಳೆಂದು ಗೊತ್ತಿದ್ದೇ ಅವ್ವನಿಗೆ ಹೇಳಿದ್ದೆ.

ಇನ್ನೂ ಒಂದಿದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ, ಕೊಳವೆ ಕಟ್ಟಿಕೊಂಡ ಕೂಡಲೆ ಗಂಟೆ ಬಾರಿಸುವ ಕೂರಿಗೆ ಮಾಡಿದೆ. ಎಲ್ಲರೂ ಮೆಚ್ಚಿದರು. ಯೋಚನೆ ಹೇಗೆ ಹೊಳೆಯಿತು ಎಂದು ಕೇಳಿದರು. ಹೊಲದಲ್ಲಿ ಎಂದೆ. ಯಾರಿಗೆ ಹೊಳೆಯಿತು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ: ಗಿರಿಜಾಳಿಗೆ.

ಗಿರಿಜಾ ಹಾನಗಲ್ಲಿನಲ್ಲಿ ಬಿ.ಎಸ್ಸಿ. ಓದಿದಳು, ಬಿ.ಎಡ್. ಮಾಡಿದಳು. ಈಗ ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಸವಣೂರಿನವರನ್ನು ಮದುವೆಯಾಗಿದ್ದಾಳೆ, ಒಳ್ಳೆಯ ಮನುಷ್ಯ, ಒಬ್ಬ ಮಗನಿದ್ದಾನೆ. ‘ಅಕಿ ನಿನಗಿಂತ ಚೊಲೋ ಅದಾಳ. ಏನ ಕಳಕೊಂಡಾಳ ಅಕಿ?’ — ಇದು ಅವ್ವನ ವಾದ. ಬಹಳ ಕಾಲ ನನ್ನ ವಾದವೂ ಇದೇ. ಆದರೆ ಅವಳ ಬಾಳು ಚೆನ್ನಾಗಿರುವುದು ಅವಳ ದುಡಿಮೆ. ಅದನ್ನು ನನ್ನ ತಪ್ಪಿನ ಮೇಲೆ ಹೊದಿಸಿ ಮುಚ್ಚುವ ಹಕ್ಕು ನನಗಿಲ್ಲ, ಅವ್ವನಿಗೂ ಇಲ್ಲ.

ಮತ್ತೆ ದೊಡ್ಡಪ್ಪ. ಮದುವೆ, ಸೀಮಂತ ಯಾವುದೇ ಇರಲಿ, ಊಟದ ಮೇಲೆ ತಾಂಬೂಲದ ತಟ್ಟೆ ಬಂದರೆ ಕೈ ಮುಗಿದು ಮುಂದಕ್ಕೆ ಕಳಿಸುತ್ತಿದ್ದರು. ಯಾಕೆ ಎಂದು ಕೇಳಿದವರಿಗೆ ಅದೇ ಕಥೆ. ‘ಎಲಿ ಅಡಕಿ ಬ್ಯಾಡ್ರಪಾ. ಅದನ್ನ ತಿಂದ ನಾ ಮಗಳ ಸೀಟ ನುಂಗೇನಿ.’ ಹೇಳುವ ರೀತಿಗೆ ಎಲ್ಲರೂ ನಗುತ್ತಿದ್ದರು. ಆ ಪಂಕ್ತಿಯಲ್ಲಿ ಕೂತು ನಾನೂ ನಕ್ಕಿದ್ದೇನೆ. ಈ ಬರಹದಲ್ಲಿ ಬರೆಯಲು ಅತಿ ಕಷ್ಟವಾದ ವಾಕ್ಯ ಅದು.

ನಾನೀಗ ಅದೇ ವಿಷಯ ಕಲಿಸುವ ಕೆಲಸದಲ್ಲಿದ್ದೇನೆ. ಈ ವರ್ಷ ಪ್ರಾಯೋಗಿಕ ಪರೀಕ್ಷೆಗೆ ನನ್ನನ್ನು ಮೇಜಿನಾಚೆ ಕೂರಿಸಿದರು. ಬೆಳಗ್ಗೆ ಗೇಟಿನ ಹತ್ತಿರ ಒಬ್ಬರು ನನ್ನನ್ನು ತಡೆದರು. ಹಿರೇಕೆರೂರಿನ ಕಡೆಯವರು, ಮಗಳನ್ನು ಕರೆದುಕೊಂಡು ಬಂದಿದ್ದರು. ಪ್ಲಾಸ್ಟಿಕ್ ಕವರಿನೊಳಗಿನ ಸರ್ಟಿಫಿಕೇಟನ್ನು ಎದೆಗೆ ಒತ್ತಿ ಹಿಡಿದಿದ್ದರು. ‘ಮೇಡಮ್ಮಾರ, ಈ ಶಿಕ್ಕಾ ಕಾಣತೈತೇನ್ರಿ?’

ಕಾಣುತ್ತಿತ್ತು. ಅಚ್ಚುಕಟ್ಟಾಗಿತ್ತು. ಆದರೆ ನಾನು ಆ ಶಿಕ್ಕಾವನ್ನೇ ನೋಡುತ್ತ ನಿಂತೆ. ಅದನ್ನು ಕಂಡು ಅವರ ಮುಖ ಬಿಳಿಚಿತು. ‘ಯಾಕ್ರಿ? ನಡಿಯಂಗಿಲ್ಲೇನ್ರಿ? ನನ್ನಿಂದ ಏನರ ತಪ್ಪ ಆಗೇತೇನ್ರಿ?’

‘ನಿಮ್ಮದೇನೂ ತಪ್ಪಿಲ್ರಿ,’ ಎಂದೆ. ಈ ಮಾತನ್ನು ನಾನು ಹೇಳಬೇಕಾಗಿದ್ದ ಮನುಷ್ಯ ಇವರಲ್ಲ.

ಅವತ್ತೇ ಅವ್ವನಿಗೆ ಫೋನು ಮಾಡಿ, ಹೇಳಿಬಿಡುತ್ತೇನೆ ಎಂದೆ. ‘ಹುಚ್ಚಿ! ದೊಡ್ಡಪ್ಪಗ ಈ ವಯಸ್ಸಿನ್ಯಾಗ ಅದನ್ನ ಹೇಳಿ ಏನ ಕೊಡತಿ? ನಿನ್ನ ಎದಿ ಹಗರ ಆಗಲಂತ ಅವರ ಮನಿ ಮುರೀತಿಯೇನು?’ ಅವ್ವನ ಪ್ರಶ್ನೆ ಸುಳ್ಳಲ್ಲ. ಎದೆ ಹಗುರಾಗಲೆಂದು ಹೋಗುವವರಿದ್ದಾರೆ. ಒಂದಂತೂ ನಿಜ — ನನ್ನದು ಹಗುರಾಗಿಲ್ಲ.

ಒಂದು ಭಾನುವಾರ, ಗಿರಿಜಾಳಿಗೆ ತವರಿಗೆ ಬರಲು ಹೇಳಿ ನಾನೂ ಹೋದೆ. ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದರು, ಗಿರಿಜಾ ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ‘ಏನಲೇ, ಮಾರಿ ಯಾಕ ಹಂಗ ಮಾಡಿ? ಪಗಾರ ಆಗಿಲ್ಲೇನು?’ ಎಂದು ನಕ್ಕಳು. ನಾನು ನಿಂತೇ ಹೇಳಿದೆ. ಇಲ್ಲಿ ಬರೆದಷ್ಟನ್ನೂ, ಇದೇ ಕ್ರಮದಲ್ಲಿ, ಕೂರಿಗೆಯ ಪ್ರಾಜೆಕ್ಟಿನವರೆಗೆ.

ಗಿರಿಜಾಳ ಕೈ ಮೊರದಲ್ಲೇ ನಿಂತಿತು. ‘ಭತ್ತದ ಸಸಿ ಹಿಡಕೊಂಡಿದ್ದೆ ನಾ,’ ಎಂದಳು. ‘ಕಂಪನೀದು ಅಂದಿ ನೀ.’

‘ಹೂಂ.’

ದೊಡ್ಡಪ್ಪ ಕಿಸೆ ಮುಟ್ಟಿಕೊಂಡರು. ‘ಆದ್ರೂ ಕಲಿ ಬಿದ್ದಿದ್ದು ನನ್ನ ಕಿಸೇದಾಗವಾ…’

‘ಇಲ್ರಿ ದೊಡ್ಡಪ್ಪ!’ ನನ್ನ ದನಿ ಏರಿತು. ‘ಕಲಿ ಬಿದ್ದದ್ದನ್ನ ತಿದ್ದಾಕ ಒಂದ ವಾರ ಟೈಮ ಕೊಟ್ಟಿದ್ರು. ಇನ್ನೊಂದ ಸರ್ಟಿಫಿಕೇಟ ತರಾಕ ನಿಮಗ ಒಂದ ದಿನ ಸಾಕಿತ್ತು. ಆ ವಾರ ಕದ್ದಾಕಿ ನಾ. ನಿಮ್ಮದೇನೂ ತಪ್ಪಿಲ್ರಿ.’

ಅವರು ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ರಸ್ತೆ ನೋಡುತ್ತ ಕೂತರು.

ಗಿರಿಜಾ ನನ್ನ ಕಡೆ ತಿರುಗಿದಳು. ‘ಸೀಟಿನ ಮಾತ ಬ್ಯಾಡ. ಒಂದ ವರ್ಷ ಅಪ್ಪನ ತಾಟಿಗೆ ರೊಟ್ಟಿ ಹಾಕೇನಿ, ಮಾರಿ ನೋಡಿಲ್ಲ. ನೀ ಕಾಲೇಜ ಸೂಟಿಗೆ ಬಂದಾಗೆಲ್ಲ ಅದನ್ನ ನೋಡತಿದ್ದಿ. ನೋಡಕೋತನ ಚಾ ಕುಡದ ಹೋಗತಿದ್ದಿ. ಅದಕ್ಕೇನಂತಿ?’

‘ಏನೂ ಅನ್ನಾಕ ಇಲ್ಲ.’

‘ಹಂಗಾರ ನಡಿ. ನಾ ಕರೆಯೂತನಕಾ ಈ ಮನಿಗೆ ಬರಬ್ಯಾಡ.’

ನಾನು ಚಪ್ಪಲಿ ಹುಡುಕುತ್ತಿದ್ದಾಗ ಅವಳು ಮೊರ ಬದಿಗಿಟ್ಟು ಎದ್ದಳು. ‘ಎಲಿ ತಿಂತೀಯೇನಪ್ಪಾ?’

ದೊಡ್ಡಪ್ಪ ನಕ್ಕರು. ‘ಹಲ್ಲೆಲ್ಲಿ ಅದಾವಬೇ ಈಗ?’

‘ಕುಟ್ಟಿ ಕೊಡತೇನಿ,’ ಎಂದಳು. ನನ್ನ ಪಕ್ಕದಿಂದಲೇ ಹಾದು, ನನ್ನ ಕಡೆ ನೋಡದೆ, ಎಲೆ ಕೇಳಲು ಪಕ್ಕದ ಮನೆಗೆ ಹೋದಳು. ನಾನು ಬಸ್ಸಿಗೆ ಕಾಯುತ್ತ ರಸ್ತೆಯಲ್ಲಿ ನಿಂತಿದ್ದಾಗ ಕುಟ್ಟುವ ಸದ್ದು ಶುರುವಾಯಿತು. ಬಸ್ಸು ತಡವಾಗಿತ್ತು. ಸದ್ದು ನಿಂತ ಮೇಲೂ ಬರಲಿಲ್ಲ.

ಈಗ ನೀವು ಕೇಳುತ್ತೀರಿ — ಕೆಲಸ ಬಿಡುತ್ತೀಯಾ? ಬಿಡುವುದಿಲ್ಲ. ನಾನು ಬಿಟ್ಟರೆ ಗಿರಿಜಾಳಿಗೆ ಆ ವಾರ ಮರಳಿ ಬರುವುದಿಲ್ಲ. ನನಗೊಂದು ತ್ಯಾಗದ ಹೆಸರು ಬರುತ್ತದೆ, ಅಷ್ಟೆ. ಅದು ನನಗೆ ಬೇಡ. ಕೆಲಸದಲ್ಲಿದ್ದು, ಯಾರ ಜಾಗ ಇದು ಎಂಬುದನ್ನು ನೆನಪಿಟ್ಟುಕೊಂಡೇ ದುಡಿಯುತ್ತೇನೆ. ಇದನ್ನು ಓದಿ ಮೇಲಿನವರು ತೆಗೆದುಹಾಕಿದರೆ ಎದುರು ಮಾತಾಡುವುದಿಲ್ಲ. ಗಿರಿಜಾ ಕರೆಯದೇ ಹೋದರೆ ಅದೂ ನ್ಯಾಯವೇ.

ಆದರೆ ಇನ್ನು ಮುಂದೆ, ನಮ್ಮ ಬಳಗದ ಯಾವ ಪಂಕ್ತಿಯಲ್ಲಾಗಲಿ, ದೊಡ್ಡಪ್ಪನ ಕಿಸೆಯ ಕಥೆ ತೆಗೆದು ಯಾರಾದರೂ ನಕ್ಕರೆ, ಉಣ್ಣುವ ಎಲೆ ಬಿಟ್ಟು ಎದ್ದು ನಿಲ್ಲುತ್ತೇನೆ. ಅವ್ವ ಸೆರಗು ಹಿಡಿದು ಎಳೆದರೂ ಕೂರುವುದಿಲ್ಲ. ಅಂದು ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದ ಪ್ರಶ್ನೆಗೆ ಎಲ್ಲರ ಮುಂದೆ ಉತ್ತರ ಕೊಡುತ್ತೇನೆ.

ಮೆಸೇಜ ಬಂದಿತ್ರಿ.